ಒಂದು ರಾತ್ರಿಯ ತೂಕ

ಶಿಡ್ಲಘಟ್ಟದಲ್ಲಿ, ಜಬೀವುಲ್ಲಾನ ನೂಲು ತೆಗೆಯುವ ಶೆಡ್ಡಿನಲ್ಲಿ,
ಶನಿವಾರ ಸಂಜೆ, ಬೇಸಿನ್ನಿನ ನೀರು ಆರಿದ ಮೇಲೆ,
ಹಗಲೆಲ್ಲ ರೇಷ್ಮೆ ತೂಗಿ
ಸ್ವಲ್ಪ ಜಂಬ ಬಂದಿದ್ದ ತಕ್ಕಡಿಗೆ
ನನ್ನ ಟೆಂಟು ಹಾಕಿದೆವು.
ಎರಡು ಕಿಲೋ ಮುನ್ನೂರು.
"ಇದನ್ನ ಕಟ್ಕೊಂಡು ತಲಕಾಯಲಬೆಟ್ಟದ ಕಡೆ ತುಳಿಯೋದಾದ್ರೆ
ಮನೆ ಬಾಗಿಲೂ ಕಿತ್ಕೊಂಡು ಬಾ" ಅಂದ.

ಟೆಂಟು ಹೋಯಿತು.
ಅದರ ಜಾಗಕ್ಕೆ ಹುಳುಮನೆಯ ಕಿಟಕಿಗೆ ಕಟ್ಟಿದ್ದ ನೀಲಿ ಹಾಳೆ,
ಒಂದು ಮೂಲೆ ಇಲಿ ಕಚ್ಚಿದ್ದು,
ಹಗ್ಗ, ಗೂಟ ಸೇರಿ ಏಳುನೂರ ಹತ್ತು.
ನಾಲ್ಕು ಗೂಟ ಯಾಕೆ, ಮೂರು ಸಾಕು ಅಂದೆ ನಾನು,
ನಾಲ್ಕನೆಯದಕ್ಕೆ ಸೈಕಲ್ಲೇ ಇದೆ,
ಮಲಗಿಸಿ ಕಟ್ಟಿದರೆ ಅದೂ ಮಲಗಿದ ಹಾಗಾಯಿತು.

ಚಾಪೆಯನ್ನು ಭುಜದಿಂದ ಸೊಂಟಕ್ಕೆ ಅಳೆದು
ಹಿಪ್ಪುನೇರಳೆ ಕೊಯ್ಯುವ ಕುಡುಗೋಲಲ್ಲಿ ಕೊಯ್ದ.
ಕಾಲಿಗೆ?
ಖಾಲಿ ಚೀಲ.
ತಲೆಗೆ?
ನಾಳೆಯ ಅಂಗಿ.

ಬ್ರಷ್ಷಿನ ಹಿಡಿ ಮುರಿಯಲು ಹೊರಟಾಗ
ಗೂಡು ಆಯುತ್ತಿದ್ದ ಅವನ ತಾಯಿ ಬೀಬಿಜಾನ್
ತಲೆ ಎತ್ತದೆ ಕೇಳಿದರು:
"ದಾರೀಲಿ ಬೇವಿನ ಮರಗಳು ಸತ್ತೋದ್ವಾ?"
ಆಮೇಲೆ ತಲೆ ಎತ್ತಿ, ನಮ್ಮಿಬ್ಬರ ಹೊಟ್ಟೆ ನೋಡಿ,
"ಎರಡು ಕಿಲೋ ಇಳಿಸಬೇಕಂದ್ರೆ
ಅಲ್ಲೇ ಇದೆಯಲ್ಲಪ್ಪಾ."

ಎರಡನೇ ಟಾರ್ಚು ಯಾಕೆ ಅಂದ.
ಮೊದಲನೆಯದು ಕೆಟ್ಟರೆ.
ಮೂರನೆಯದು?
ನಾನು ಅದನ್ನು ತಕ್ಕಡಿಗೆ ಹಾಕದೆ
ಕಿಸೆಗೆ ಹಾಕಿಕೊಂಡೆ.

ಉಳಿದದ್ದು ಹೊದಿಕೆ.
ನನ್ನದು ಹಿಮಾಲಯಕ್ಕೆ ಹೊಲಿದದ್ದು,
ಸಾವಿರದ ನೂರು ಗ್ರಾಂ,
ನಮ್ಮ ಡಿಸೆಂಬರಿಗೆ ಅಷ್ಟೊಂದು ಮರ್ಯಾದೆ ಬೇಕಿಲ್ಲ.
ಬೀಬಿಜಾನ್ ಒಳಗೆ ಹೋಗಿ
ಮುಷ್ಟಿಯಲ್ಲಿ ಹಿಡಿಯಬಹುದಾದ ಒಂದು ಗಂಟು ತಂದರು.
ಬಿಡಿಸಿದರೆ ಆಳುದ್ದದ ಚೀಲ, ಗಂಟುಗಂಟು ನೂಲಿನದು.
ಎರಡು ಹುಳು ಮರೆತು ಒಂದೇ ಗೂಡು ಕಟ್ಟಿಬಿಡುತ್ತವೆ ಕೆಲವು ಸಲ,
ಎಳೆ ಸಿಕ್ಕಾಗುತ್ತದೆ,
ಮಾರ್ಕೆಟ್ಟಿನಲ್ಲಿ ಯಾರೂ ಕೈ ಹಾಕುವುದಿಲ್ಲ.
ಅಂಥವನ್ನೇ ಕೂಡಿಟ್ಟು ನೇಯಿಸಿದ್ದಂತೆ.
ನೂರ ತೊಂಬತ್ತು.
ತಕ್ಕಡಿಯ ಮುಳ್ಳು ನಾಚಿಕೊಂಡಂತೆ ಅಲುಗಿತು.
ಜಬೀ ಎಲ್ಲವನ್ನೂ ಬರೆದುಕೊಂಡ,
ಗೂಡಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ.

ದಿಬ್ಬೂರಹಳ್ಳಿಯಲ್ಲಿ ಟೀ, ಆಮೇಲೆ ಏರು,
ಆಮೇಲೆ ದಾರಿ ಮುಗಿದು ಬಂಡೆ.
ಹಗಲು ಕುಡಿದ ಬಿಸಿಲನ್ನು ಬಂಡೆ
ಹನ್ನೊಂದರವರೆಗೂ ನಮಗೆ ಕೊಟ್ಟಿತು,
ಹನ್ನೆರಡಕ್ಕೆ ಬಡ್ಡಿ ಸಮೇತ ವಾಪಸ್ ಕೇಳಿತು.
ಮೊದಲು ಹಿಮ್ಮಡಿಯಿಂದ.
ಖಾಲಿ ಚೀಲ ಖಾಲಿಯೇ.

ಎರಡು ಗಂಟೆಗೆ ಗಾಳಿ
ಇಲಿ ಕಚ್ಚಿದ ಮೂಲೆಯನ್ನು ಹುಡುಕಿಕೊಂಡು ಬಂತು.
ಹಾಳೆ ಪಟಪಟ,
ಸೈಕಲ್ಲು ನಿದ್ದೆಯಲ್ಲಿ ಮಗ್ಗುಲಾದಂತೆ ಜರುಗಿತು.
ನಾಲ್ಕನೇ ಗೂಟದ ಮಾತು
ಇಬ್ಬರೂ ಎತ್ತಲಿಲ್ಲ.
ಎದ್ದು ಕಲ್ಲು ಹೇರಿ, ಮತ್ತೆ ನೂಲಿನೊಳಗೆ ತೂರಿ ಅಂದೆ:
ಹುಳು ನೋಡು, ನಾಲ್ಕು ಜ್ವರ ದಾಟಿ, ಹಣ್ಣಾಗಿ,
ಚಂದ್ರಿಕೆ ಹತ್ತುವಾಗ ಏನನ್ನೂ ಹೊರುವುದಿಲ್ಲ,
ಹಾಸಿಗೆ ಬಾಯಲ್ಲೇ ಇದೆ.
ಅವನು ಬಹಳ ಹೊತ್ತು ಸುಮ್ಮನಿದ್ದ.
"ಹದಿಮೂರನೇ ವಯಸ್ಸಿಂದ ಕುದಿಸ್ತಾ ಇದೀನಿ"
ಅಂದ, ಕತ್ತಲಿಗೆ.
ಮೂರನೇ ಟಾರ್ಚು ಕಿಸೆಯಲ್ಲಿ ಬೆಚ್ಚಗಿತ್ತು.
ಹೊತ್ತಿಸಬೇಕೆನಿಸಲಿಲ್ಲ.

ಬೆಳಗ್ಗೆ ಹಾಳೆಯ ಮೇಲೆಲ್ಲ ಇಬ್ಬನಿ.
ಒಣಗಲು ಕಾಯುವಷ್ಟು ಪುರುಸೊತ್ತಿಲ್ಲ,
ಒಂಬತ್ತಕ್ಕೆ ಅವನ ಒಲೆ ಹತ್ತಬೇಕು.
ಹಾಗೇ ಮಡಚಿ ಬಿಗಿದೆವು.
ಶೆಡ್ಡಿಗೆ ಬಂದವನೇ ಚಪ್ಪಲಿ ಕೂಡ ಬಿಡದೆ
ಗಂಟನ್ನು ತಕ್ಕಡಿಗಿಟ್ಟ,
ಎಂಟುನೂರ ಎಪ್ಪತ್ತು.
ಪೆನ್ಸಿಲ್ ನಾಲಿಗೆಗೆ ತಾಗಿಸಿ, ಕೊನೆಯ ಹಾಳೆಯಲ್ಲಿ,
ಹಗ್ಗ, ಗೂಟಗಳ ಕೆಳಗೆ ಬರೆದ:
ಇಬ್ಬನಿ, ನೂರ ಅರವತ್ತು.