ಒಂದು ತಾಸಿನ ದೂರ

ರಾತ್ರೋರಾತ್ರಿ ನಕ್ಷೆ ಹೊಸದಾಗಿದೆ.
ಥಾಬಾ-ತ್ಸೇಕಾದ ಆರೋಗ್ಯ ಕಚೇರಿಯಲ್ಲಿ
ತ್ಸೆಲಿಸೋ ಹೀಟರಿಗೆ ಮಂಡಿ ತಾಗಿಸಿಕೊಂಡು ಕೂತು
ಪರದೆ ತೆರೆದರೆ, ಬಲಮೂಲೆಯಲ್ಲೊಂದು ಹಸಿರು ಚುಕ್ಕೆ:
ಹೊಸತೇನಿದೆ, ನೋಡಿ.

ನೋಡಿದ.
ಎಲ್ಲಿ ಬೇಕಾದರೂ ಬೆರಳಿಟ್ಟು ಕೇಳಬಹುದಂತೆ ಈಗ,
ಇಲ್ಲಿಂದ ಒಂದು ತಾಸಿನಲ್ಲಿ ಎಲ್ಲಿಯವರೆಗೆ?
ಕೇಳಿದ. ಚೆಲ್ಲಿದ ಹಾಲಿನ ಹಾಗೆ
ಹರಡಿತೊಂದು ಬಿಳಿ ಮಚ್ಚೆ,
ರಸ್ತೆಯಗುಂಟ ಕಾಲು ಚಾಚಿ, ಕಣಿವೆಗೆ ನಾಲಿಗೆ ಇಳಿಬಿಟ್ಟು
ಬೆಟ್ಟದ ಬುಡದಲ್ಲಿ ಸುಮ್ಮನೆ ನಿಂತುಬಿಟ್ಟಿತು.
ಕಾರು, ಸೈಕಲ್ಲು, ಕಾಲ್ನಡಿಗೆ.
ಆಯ್ಕೆ ಮೂರೇ.
ಕುದುರೆ ಇಲ್ಲ.

ಹಾ ಸೆಖೋಬೆ, ಹಾ ಮೊತ್ಸಿಬಾ, ಹಾ ಲೆರೋಲೆ:
ಈ ನಾಡಿನಲ್ಲಿ ಹಾ ಎಂದರೆ ಉದ್ಗಾರವಲ್ಲ,
ಇಂಥವರ ಊರು ಅಂತ.
ಮಚ್ಚೆಯ ಹೊರಗುಳಿದ ಹನ್ನೊಂದು ಹೆಸರನ್ನೂ
ಗಟ್ಟಿಯಾಗಿ ಓದಿದರೆ ಮಾತ್ರ
ನಮ್ಮ ಕಿವಿಗೆ ನಿಟ್ಟುಸಿರು.

ಮಾಮೊಸಾಗೆ ಫೋನು ಹಚ್ಚಿದ.
ಸೂಲಗಿತ್ತಿ. ಮೊಸಾಳ ತಾಯಿ ಎಂಬುದೇ ಅವಳ ಹೆಸರು,
ಅದಕ್ಕೂ ಮೊದಲಿನದು ಫಾರಮ್ಮಿನಲ್ಲಷ್ಟೇ ಉಳಿದಿದೆ.
ಇಪ್ಪತ್ತೆರಡು ವರ್ಷ, ಮೂರು ಕುದುರೆ;
ಈಗಿನದು ಫಿರಿ, ಅಂದರೆ ಕತ್ತೆಕಿರುಬ.
"ಎಲ್ಲಿದೆಯೋ ನಿನ್ನ ನಕ್ಷೆ?"
"ಕ್ಲೌಡಿನಲ್ಲಿ, ಅಮ್ಮ."
"ಯಾವ ಮೋಡ? ಹಾ ಲೆರೋಲೆಯ ಮೇಲೆ ನಿಂತದ್ದೋ?
ಅದು ಸಂಜೆಗೆ ಹಿಮ ಸುರಿಸುತ್ತದೆ, ಬೇಗ ಇಳಿಸಿಕೋ."

ಆಮೇಲೆ ಹೇಳತೊಡಗಿದಳು,
ಸಾರಿಗೆ ಉಪ್ಪು ಹಾಕುವವಳ ಹಾಗೆ, ಅಳತೆ ಬೆರಳಲ್ಲೇ:
ಹೋಗುವಾಗ ಒಂದು ತಾಸು, ಬರುವಾಗ ಎರಡು,
ಗಾಳಿ ಎದುರು.
ಹಿಮ ಕರಗಿ ಹೊಳೆ ಕುದುರೆಯ ಎದೆಗೆ ಬಂದರೆ
ತಾಸು ಗೀಸು ಇಲ್ಲ, ಕಾದದ್ದೇ ಲೆಕ್ಕ.
ನೋವು ಮೊದಲ ಬಸಿರಿನದೋ ಐದನೆಯದೋ,
ದೂರ ಅದರ ಮೇಲೆ.
ಕೊನೆಯದಕ್ಕೆ ಕಾಲಂ ಇರಲಿಲ್ಲ.

ತ್ಸೆಲಿಸೋ ಪೆನ್ಸಿಲ್ ಗುರುತು ಒತ್ತಿ
ಅವಳಂದಂತೆಲ್ಲ ಗಡಿ ತಿದ್ದಿದ.
ಗೆರೆ ನಡುಗಿತು.
ನಯಗೊಳಿಸಲೇ? ಎಂದಿತು ನಕ್ಷೆ.
ಬೇಡ.

ಇನ್ನೊಂದು ಹೊಸತು: ನಕ್ಷೆಯೊಳಗೆ ಯಾರು ಯಾರಿದ್ದಾರೆಂದು
ಹೆಸರು ಸಮೇತ ಕಾಣುತ್ತದೆ.
ಮಾಸೇರುವಿನ ಸಾಹೇಬರ ನೀಲಿ ಬಾಣ
ಐದಕ್ಕೇ ಮನೆಗೆ ಹೋಯಿತು.
ಇವನೂ ಕೋಟು ತೊಟ್ಟಾಗಿತ್ತು. ಏಳೂವರೆಗೆ
ಹಾ ಮೊತ್ಸಿಬಾದ ಏರಿನಲ್ಲೊಂದು ಕೇಸರಿ ಚುಕ್ಕೆ,
ಮಾಮೊಸಾ,
ಕುದುರೆಯ ನಡಿಗೆಯಲ್ಲಿ.
ಹೊಳೆಯ ಹತ್ತಿರ ನಿಂತಿತು.
ಹತ್ತು ನಿಮಿಷ.
ನಲವತ್ತು.
ಈ ಬಳಕೆದಾರರು ನಿಷ್ಕ್ರಿಯ. ತೆಗೆದುಹಾಕಲೇ?
ಹೀಟರಿನ ಸೀಮೆಎಣ್ಣೆ ಯಾವಾಗಲೋ ತೀರಿತ್ತು;
ಮರಗಟ್ಟಿದ ಬೆರಳಿಗೆ ಬೇಡ ಒತ್ತಲು
ಎರಡು ಸಲ ಬೇಕಾಯಿತು.

ಕಿಟಕಿಯಲ್ಲಿ ಹಿಮ. ಅವಳಂದದ್ದೇ.

ಒಂದೂಕಾಲಿಗೆ ಚುಕ್ಕೆ, ನಡೆಯದೆ, ಹಾರಿ,
ಹೊಳೆಯಾಚೆ ಕೂತಿತ್ತು.
ನಡುವೆ ಏನಾಯಿತೆಂಬುದಕ್ಕೆ ದಾಖಲೆಯಿಲ್ಲ.
ನೀರಿಗಿಳಿದ ಫಿರಿಯ ಹೊಟ್ಟೆ, ಕಂಬಳಿಯ ಅಂಚು,
ಹಲ್ಲಲ್ಲಿ ಕಚ್ಚಿದ ಟಾರ್ಚು
ಸಿಗ್ನಲ್ಲಿಲ್ಲದ ಕಡೆಯೇ ದಾಟಿದವು.

ನಾಲ್ಕಕ್ಕೆ ಅಲ್ಲೊಂದು ಹೊಸ ಗುರುತು ಮೂಡಿತು.
ಹೆಸರು ಕಡ್ಡಾಯ, ಎಂದು ಕೆಂಪಕ್ಷರ.
ಅವಳು ಬರೆದಿದ್ದಳು: ಇನ್ನೂ ಇಟ್ಟಿಲ್ಲ.
ನಕ್ಷೆ ಒಪ್ಪಿಕೊಂಡಿತು.

ಬೆಳಿಗ್ಗೆ ಸಲಹೆಯ ಪೆಟ್ಟಿಗೆಗೆ
ತ್ಸೆಲಿಸೋ ಒಂದೇ ಸಾಲು ಹಾಕಿದ:
ಕುದುರೆ ಸೇರಿಸಿ.
ಚಹಾ ಕುಡಿದು ಬಂದು, ಮತ್ತೆ ತೆರೆದು, ಕೆಳಗೆ:
ಬರುವಾಗ ಎರಡು ತಾಸು.