ಮಸ್ಟರಿನ್ಯಾಗ ಹೆಸರಿಲ್ಲ

"ಎಷ್ಟ ವರ್ಷ ಸರ್ವೀಸು?" ಅಂದ್ರು ಹೊಂಬಳ ವಕೀಲರು,
ಪೆನ್ನಿನ ಟೋಪಿ ತಗದು.
ಇಪ್ಪತ್ತೆರಡು, ಅಂದೆ.
"ಎಲ್ಲೆ?"
ಹಿತ್ತಲದಾಗ, ಒಗಿಯೂ ಕಲ್ಲಿನ ಮ್ಯಾಲೆ.

ತಾರಿಹಾಳದ ಆಸ್ಬೆಸ್ಟಾಸ್ ಶೀಟಿನ ಫ್ಯಾಕ್ಟರಿಯಿಂದ
ಹಿಟ್ಟಿನ ಗಿರಣಿಯವರಂಗ ಬರ್ತಿದ್ರು ಮನಿಯವರು.
ಅಂಗಿ ಝಾಡಿಸಿ, ಒಗದು, ಹಿಂಡಿ ಹಾಕಿದಾಕಿ ನಾ.
ಅವರು ಲಾರಿ ಬಡದು ಸತ್ರು. ದಮ್ಮು ಗಟ್ಟಿ ಇತ್ತು.
ನವನಗರದ ದವಾಖಾನ್ಯಾಗ ಕ್ಯಾನ್ಸರ್ ಸಿಕ್ಕಿದ್ದು
ನನ್ನ ಪುಪ್ಪಸದ ಪರದ್ಯಾಗ.

ಕಾಯ್ದೆದಾಗ ಕಾರ್ಮಿಕಗ ಒಂದು ಕಾಲಂ ಐತಿ,
ಸತ್ತವನ ಹೆಂಡ್ತಿಗೂ ಒಂದು.
ಒಗದಾಕಿಗೆ ಇಲ್ಲ.

ವಕೀಲರು ಸುಮ್ನ ಕುಂತ್ರು. ಆಮ್ಯಾಲೆ,
"ಸಿವಿಲ್ ದಾವೆ ಹಾಕೂಣು. ವರ್ಷಗಟ್ಟಲೆ ಹಿಡೀತೈತಿ.
ಅವರ ಅಂಗಿ ಒಂದಾರ ಉಳದೈತೇನ್ರಿ?"

ಐತ್ರಿ. ಟ್ರಂಕಿನ ತಳದಾಗ.
ಒಗದಿಲ್ಲ ಅದನ್ನ,
ಅವರ ವಾಸನಿ ಹೋಗ್ತೈತಂತ.