ಮಡಿಕೆ

ಮೂವತ್ತೆಂಟು ವರ್ಷದ ಸಂಸಾರದಲ್ಲಿ
ನಿಮ್ಮ ಸಹಿ ಮಾತ್ರ ಗೊತ್ತಿತ್ತು ನನಗೆ, ಫೆರ್ಮಿನ್.
ಕೊಕ್ಕೆ ಹಾಕಿ ಎಳೆದ ಆ ಎಚೆಗೋಯೆನ್,
ಕೆಳಗೊಂದು ಗೆರೆ, ಗೆರೆಯ ಕೊನೆಗೆ ಗಂಟು.
ಮಿಕ್ಕಿದ್ದೆಲ್ಲ ಗುಮಾಸ್ತ ಸಿಲ್ವೇರಿಯೊ ಬರೆದದ್ದು,
ನನ್ನ ಹುಟ್ಟುಹಬ್ಬದ ಹಾರೈಕೆ ಕೂಡ.

ಲಿಸ್ಬನ್ನಿನಿಂದ ಬಂದ ಮೊದಲ ಕಾಗದ
ನಿಮ್ಮದೇ ಕೈ. ಬಲಕ್ಕೆ ಹೋದಂತೆ ಸಾಲು ಇಳಿಜಾರು.
ಕಾಗುಣಿತ, ಇರಲಿ ಬಿಡಿ.
ಒಕ್ಕಣೆ ಮಾತ್ರ ಹಳೆಯದೇ:
"ಪ್ರಯಾಣ ತೃಪ್ತಿಕರವಾಗಿತ್ತು.
ಹವೆಯ ಬಗ್ಗೆ ಉಭಯತ್ರರಿಗೂ ಸಮಾಧಾನವಿದೆ."
ಯಾರು ಆ ಉಭಯತ್ರರು? ನೀವೂ ನಿಮ್ಮ ಕೊಡೆಯೂ?
ಓದಿ ನಕ್ಕೆ. ಮೊಮ್ಮಗ ಅನ್ಸೆಲ್ಮೊ
ಅಂಚೆಚೀಟಿಗೆ ಹಠ ಹಿಡಿದ,
ಹಬೆಗೆ ಹಿಡಿದು ಬಿಡಿಸಿಕೊಟ್ಟೆ.

ಮಾರ್ಸೆಯ್ಲಿನ ಹೋಟೆಲಿನ ದಪ್ಪ ಪುಸ್ತಕದಲ್ಲಿ
"ಉದ್ಯೋಗ" ಎಂಬ ಕಾಲಂ ಎದುರು
ಲೇಖನಿ ಹಿಡಿದು ನಿಂತೇ ಇದ್ದಿರಿ, ಹಿಂದೆ ಸಾಲು ಬೆಳೆಯಿತು,
ಕೊನೆಗೆ "ಇಲ್ಲ" ಎಂದು ಬರೆದಿರಿ.
ಕಾಲುಚೀಲ ನೀವೇ ಒಗೆದಿರಿ.
ಒಣಗಲು ಎರಡು ದಿನ ಬೇಕೆಂಬುದು ನಿಮಗೆ ಸುದ್ದಿ.

ಕಾಗದ ಬರಲು ಇಪ್ಪತ್ತೆರಡು ದಿನ.
ನಿಮ್ಮ ಸೆಕೆ ನನ್ನ ಚಳಿಗೆ ಬಂದು ಮುಟ್ಟುತ್ತದೆ.
ಜುಲೈ ಗಾಳಿ ಮೊಂಟೆವಿಡಿಯೊದ ಬೀದಿಗೆ
ನದಿಯ ಕಂದು ನೀರು ಎರಚುವಾಗ
ಒಲೆಯ ಪಕ್ಕ ಮಾಟೆ ಕಷಾಯ ಹೀರುತ್ತ
ನೀವು ಬೆವರಿದ್ದನ್ನು ಓದುತ್ತೇನೆ.

ನಾಲ್ಕನೆಯದು ಜಿನೋವಾದಿಂದ. ಅದನ್ನು ಮೂರು ಸಲ ಓದಿದೆ.

ಹಡಗುಕಟ್ಟೆಯಲ್ಲಿ, ನಮ್ಮೂರಿಗೇ ಹೊರಟ ಹಡಗಿನ
ಮೂರನೇ ದರ್ಜೆಯ ಸಾಲಿನಲ್ಲಿ
ಜೆರೊನಿಮಾ ಕನೆಪಾ ಎಂಬ ಹೆಂಗಸು.
ಸೆರ್ರೊದಲ್ಲಿ ಮೀನು ಮಾರುವ ತಂಗಿಯ ಬಳಿಗೆ ಹೊರಟವಳು.
ಕಂಕುಳಲ್ಲಿ ಮಣ್ಣಿನ ಮಡಿಕೆ,
ಮಡಿಕೆಯಲ್ಲಿ ಕಾಮಕಸ್ತೂರಿ.
ಏಜೆಂಟು ತಡೆದ. ಹೊರಗಿನ ಮಣ್ಣು ಆ ದೇಶಕ್ಕೆ ಸಲ್ಲದು,
ಗಿಡ ಬೇರು ಬೀಜ ಯಾವುದೂ. ಕಾನೂನಿದೆ.
"ಯಾವ ಪುಣ್ಯಾತ್ಮ ಮಾಡಿದ್ದು ಅದನ್ನ?"
ಅವಳು ಕೇಳಿದ್ದು ಏಜೆಂಟನನ್ನಲ್ಲ,
ಪಕ್ಕದಲ್ಲಿ ಕೈಕೋಲು ಊರಿ ನಿಂತಿದ್ದ ನಿಮ್ಮನ್ನು.

ನೆನಪಿದೆ ನನಗೆ ಆ ಕಾನೂನು.
ದ್ರಾಕ್ಷಿಬೇರಿಗೆ ಹುಳು ಬಿದ್ದ ವರ್ಷ.
ಸದನದಲ್ಲಿ ನಾಲ್ಕು ಗಂಟೆ ಮಾತಾಡಿ
ಗಂಟಲು ಕಟ್ಟಿಸಿಕೊಂಡು ಬಂದು ಜೇನು ಕೇಳಿದಿರಿ.
ಸರಿಯಾದ ಕಾನೂನೇ, ಈಗಲೂ ಅನ್ನುತ್ತೇನೆ.

"ಹೇಳಲಾಗಲಿಲ್ಲ ಅವಳಿಗೆ" ಎಂದು ಬರೆದು
ಹೊಡೆದುಹಾಕಿ, "ಹೇಳಲಿಲ್ಲ" ಎಂದು ತಿದ್ದಿದ್ದೀರಿ.
ಸಿಲ್ವೇರಿಯೊ ಇದ್ದಿದ್ದರೆ ಆ ಕಾಟು
ನನ್ನವರೆಗೆ ಬರುತ್ತಿರಲಿಲ್ಲ.
ಮಡಿಕೆ ಇಸಿದುಕೊಂಡಿರಿ. ನೋಡಿಕೊಳ್ಳುತ್ತೇನೆ ಅಂದಿರಿ.
ಜೀವಮಾನವೆಲ್ಲ ಜನಕ್ಕೆ ಹೇಳಿದ ಮಾತೇ ಅದು.

ಆಮೇಲಿನ ಕಾಗದಗಳಲ್ಲಿ ಊರುಗಳೇ ಇಲ್ಲ.
ಬೊಲೊನ್ಯದಲ್ಲಿ ಕಿಟಕಿಗೆ ಬಿಸಿಲು ಸಾಲದು,
ಟ್ರಿಯೆಸ್ಟೆಯಲ್ಲಿ ಗಾಳಿ ಜಾಸ್ತಿ,
ರೈಲಿನಲ್ಲಿ ತೊಡೆಯ ಮೇಲೆ.
ರಾಯಭಾರಿಯೊಬ್ಬ ಎರಡು ದಿನ ಮನೆಗೆ ಕರೆದ,
ನೀರು ಹಾಕುವವರಿಲ್ಲವೆಂದು ಹೋಗಲಿಲ್ಲ.
"ಹೂಗೊನೆ ಚಿವುಟಬೇಕೊ ಬಿಡಬೇಕೊ,
ಪೆತ್ರೊನಾಳನ್ನು ಕೇಳಿ ಬರೆ."
ಅಡುಗೆಮನೆಗೆ ಹೋಗಿ ಕೇಳಿ ಬರೆದೆ: ಚಿವುಟಿ.
ಉತ್ತರ ತಲುಪುವಷ್ಟರಲ್ಲಿ ಹೂ ಬಿಟ್ಟಿತ್ತು.

ಇವತ್ತಿನ ಲಕೋಟೆಯಲ್ಲಿ ಒಂದೇ ಸಾಲು:
"ಅವಳಿಗೆ ತಲುಪಿಸು."
ಕಾಗದದ ಮಡಿಕೆ ಬಿಚ್ಚಿದರೆ
ಮೇಜಿನ ಮೇಲೆ ಉದುರಿತು
ಕಪ್ಪು ಬೀಜ, ಸಾಸಿವೆಗಿಂತ ಸಣ್ಣದು.
ಅನ್ಸೆಲ್ಮೊ ಎಣಿಸಿದ. ನಲವತ್ತೊಂದು.

ಕಳ್ಳಸಾಗಣೆ, ಫೆರ್ಮಿನ್.
ನಿಮ್ಮದೇ ಕಾನೂನು, ಏಳನೇ ಕಲಮು.
ದಂಡ ಎಷ್ಟೆಂದು ನೀವೇ ಬರೆಸಿದ್ದು.

ಸೆರ್ರೊ ಕಡೆಯ ಟ್ರಾಮು ಎಷ್ಟು ಹೊತ್ತಿಗೆಂದು
ಪೆತ್ರೊನಾಳನ್ನೇ ಕೇಳಬೇಕು,
ನಾನೂ ಒಬ್ಬಳೇ ಹತ್ತಿದವಳಲ್ಲ.
ಮೇಜಿನ ಬಿರುಕಿಗೆ ಬಿದ್ದ ಒಂದು ಬೀಜವನ್ನು
ನನ್ನ ಹೇರ್‌ಪಿನ್ನು ಕಿತ್ತುಕೊಂಡು
ಹುಡುಗ ಎಬ್ಬಿಸುತ್ತಿದ್ದಾನೆ.